ಬಾದಾಮಿ ಮರಗಳ ವಯಸ್ಸು

ಯಾರಾದರೂ ವಯಸ್ಸು ತಪ್ಪು ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆ ಮನೆಗಳಲ್ಲಿ ಹೆಂಗಸರು ಎರಡು ಮೂರು ವರ್ಷ ಕಡಿಮೆ ಹೇಳುವಾಗ ಸುಮ್ಮನಿರಲು ಕಲಿತಿದ್ದೇನೆ, ಯಾಕೆಂದರೆ ಪಕ್ಕದಲ್ಲಿ ಕೂತ ಹೆಂಡತಿ ಮೊಣಕೈಯಲ್ಲಿ ತಿವಿಯುತ್ತಾಳೆ. ಆದರೂ ಒಳಗೆ ಲೆಕ್ಕ ನಡೆದೇ ಇರುತ್ತದೆ. ಈ ಚಟ ಹತ್ತಿದ್ದು ನಮ್ಮೂರಿನ ಇಗರ್ಜಿಯಲ್ಲಿ. ನನ್ನ ಅಕ್ಷರ ದುಂಡಗಿದೆ ಎಂದು ಚರ್ಚಿನ ಗುರುಗಳು ಹೈಸ್ಕೂಲಿನಲ್ಲಿರುವಾಗಲೇ ನನ್ನನ್ನು ಕರೆಸಿ ಜ್ಞಾನಸ್ನಾನದ ರಿಜಿಸ್ಟರ್ ಬರೆಸುತ್ತಿದ್ದರು. ಒಂದು ಅಂಕೆ ತಪ್ಪಿದರೆ ಆ ಮಗುವಿನ ಮದುವೆಯ ಹೊತ್ತಿಗೆ ರಗಳೆಯಾಗುತ್ತದೆ ಎಂದು ಕಿವಿ ಹಿಂಡಿ ಹೇಳಿದ್ದರು. ಹುಟ್ಟಿದ ದಿನವೇ ಹುಟ್ಟಿದ ದಿನ, ಅದರಲ್ಲಿ ಎಂತ ಚರ್ಚೆ ಎಂಬುದು ನನ್ನ ತಲೆಯೊಳಗೆ ಆಗಲೇ ಕೂತುಬಿಟ್ಟಿತು.

ಆ ಜಂಬದಲ್ಲಿ ನಾನು ಒಬ್ಬ ಮುದುಕರಿಗೆ ಮಾಡಿದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರು ಯಹೂದಿ. ಎಂಬತ್ತರ ದಶಕದ ಸೌದಿಯಲ್ಲಿ ಅದು ಬಾಯಿ ಬಿಟ್ಟು ಹೇಳುವ ಮಾತಾಗಿರಲಿಲ್ಲ. ಮೂರು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತಿದ್ದ ನನಗೂ ಅದು ಗೊತ್ತಿರಲಿಲ್ಲ.

ನಾನು ಗುಮಾಸ್ತನಾಗಿದ್ದ ತೋಟ ಆ ದೇಶದ ಉತ್ತರ ಭಾಗದ ತಬೂಕು ಪಟ್ಟಣದಿಂದ ಗಾಡಿಯಲ್ಲಿ ಮುಕ್ಕಾಲು ಗಂಟೆಯ ದಾರಿ. ಸುತ್ತ ಗೋಧಿ, ನಡುವೆ ದ್ರಾಕ್ಷಿ, ಪೀಚು, ಆಲಿವ್. ಅದರಾಚೆ ಮರಳು, ಕಲ್ಲು, ಮತ್ತೆ ಮರಳು. ಆಫೀಸು ಅಂದರೆ ತಗಡಿನ ಒಂದು ಕ್ಯಾಬಿನ್. ನನ್ನ ಮಲಗುವ ಕೋಣೆ ಅಂಥದ್ದೇ ಇನ್ನೊಂದು. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಟೈಪ್ ಮಾಡುತ್ತಿದ್ದವನಿಗೆ ಚಳಿ ಅಂದರೆ ಏನೆಂದೇ ಗೊತ್ತಿರಲಿಲ್ಲ. ತಬೂಕಿನ ಜನವರಿಯಲ್ಲಿ ನಲ್ಲಿಯ ನೀರು ಬೆಳಿಗ್ಗೆ ಹೆಪ್ಪುಗಟ್ಟಿರುತ್ತಿತ್ತು. ಮೊದಲ ಚಳಿಗಾಲದಲ್ಲಿ ನಾನು ಮುಖ ತೊಳೆಯುವಾಗ ಅತ್ತದ್ದುಂಟು. ನೀರಿನ ಚಳಿಗೆ ಅತ್ತೆ ಎಂದು ಹೇಳಿಕೊಂಡೆ.

ಮಾತಿಗೆ ಜನ ಇರಲಿಲ್ಲ. ಕೆಲಸದವರು ಬೇರೆ ಬೇರೆ ದೇಶದವರು, ಅವರವರ ಭಾಷೆಯಲ್ಲಿ ಅವರವರ ಗುಂಪು. ನಮ್ಮ ಕಡೆಯವನು ಅಂತ ಇದ್ದದ್ದು ಪುತ್ತೂರು ಕಡೆಯ ಒಬ್ಬ ಬ್ಯಾರಿ ಡ್ರೈವರ್ ಮಾತ್ರ. ಅವನು ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಶುಕ್ರವಾರ ಅವನ ಪಿಕಪ್ಪಿನಲ್ಲಿ ತಬೂಕಿಗೆ ಹೋಗಿ, ಉಡುಪಿ ಕಡೆಯ ಒಬ್ಬ ನರ್ಸಿನ ಮನೆಯಲ್ಲಿ ಕರ್ಟನ್ ಎಳೆದು, ಟೇಪ್ ರೆಕಾರ್ಡರಿನಲ್ಲಿ ಏನೋ ಹಾಡು ಹಾಕಿ, ಏಳೆಂಟು ಕೊಂಕಣಿ ಕ್ರೈಸ್ತರು ತಗ್ಗಿದ ದನಿಯಲ್ಲಿ ಜಪಸರ ಪ್ರಾರ್ಥನೆ ಮಾಡುತ್ತಿದ್ದೆವು. ಆ ದೇಶದಲ್ಲಿ ನಮ್ಮ ಪ್ರಾರ್ಥನೆಗೆ ನಿಷೇಧ, ಹಾಗಾಗಿ ಒಬ್ಬ ಕಿಟಕಿಯ ಹತ್ತಿರ ಕಾವಲು. ವಾರವಿಡೀ ಬಾಯಿ ಮುಚ್ಚಿಕೊಂಡಿದ್ದು ಅಲ್ಲಿ ಬಾಯಿ ತೆರೆದಾಗ ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಗಾಡಿ ತಪ್ಪಿದ ಶುಕ್ರವಾರ ಅದೂ ಇಲ್ಲ.

ಮುದುಕರು ಬಂದದ್ದು ನಾನು ಸೇರಿದ ಮೇಲೆ ನಾಲ್ಕು ತಿಂಗಳಿಗೆ. ಇಂಗ್ಲೆಂಡಿನ ಪಾಸ್‌ಪೋರ್ಟು, ಹಣ್ಣಿನ ಮರಗಳ ತಜ್ಞರು, ಹೆಂಡತಿ ತೀರಿಕೊಂಡು ತುಂಬ ಕಾಲವಾಗಿತ್ತು, ಮಕ್ಕಳಿಲ್ಲ. ಬಡಕಲು ದೇಹ, ತಲೆಗೆ ಯಾವಾಗಲೂ ಒಂದು ಹಳೆಯ ಬಟ್ಟೆಯ ಟೊಪ್ಪಿ. ಇಕಾಮಾದ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ, ಕಾಗದಕ್ಕಾಗಿ ಅವರ ವಿವರ ಟೈಪ್ ಮಾಡಿದವನು ನಾನೇ. ಧರ್ಮ ಎಂಬ ಜಾಗಕ್ಕೆ ಬಂದಾಗ ತಲೆಯೆತ್ತಿ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಬಿಳಿಯರಿಗೆಲ್ಲ ಏನು ಬರೆಯುತ್ತೀಯೋ ಅದನ್ನೇ ಬರಿ" ಅಂದರು. ಕ್ರೈಸ್ತ ಎಂದು ಟೈಪ್ ಹೊಡೆದೆ. ಹೊಡೆಯುವಾಗ ಖುಷಿಯೂ ಆಯಿತು, ಈ ಮರಳಿನಲ್ಲಿ ನಮ್ಮವರೊಬ್ಬರು ಸಿಕ್ಕಿದರಲ್ಲ ಎಂದು.

ಅವರು ಬಂದ ಮಾರ್ಚಿನಲ್ಲಿಯೇ ತೋಟದ ತುದಿಯಲ್ಲಿ, ನೀರಿನ ಟ್ಯಾಂಕಿನ ಬಳಿ, ಹನ್ನೆರಡು ಬಾದಾಮಿ ಸಸಿ ನೆಟ್ಟರು. ಅದು ಕಂಪನಿ ಹೇಳಿದ ಕೆಲಸವಲ್ಲ. ಮ್ಯಾನೇಜರ್ ಬೇಡವೆನ್ನಲಿಲ್ಲ, ಅಷ್ಟೆ. ಸಸಿಗಳಿಗೆ ಮಣ್ಣು ಒತ್ತುತ್ತ ನನಗೆ ಹೇಳಿದರು: "ನಲವತ್ತು ವರ್ಷ ಊರೂರಿನಲ್ಲಿ ಮರ ನೆಟ್ಟಿದ್ದೇನೆ. ಒಂದರ ಹಣ್ಣನ್ನೂ ತಿಂದವನಲ್ಲ. ಹಣ್ಣು ಬರುವ ಹೊತ್ತಿಗೆ ಬೇರೆ ಕಡೆ ಕಳಿಸಿರುತ್ತಾರೆ. ಇವುಗಳದ್ದು ತಿಂದೇ ಹೋಗುವವನು."

ಕಂಪನಿಯಲ್ಲಿ ಅರವತ್ತೈದು ದಾಟಿದವರಿಗೆ ಕರಾರು ಮುಂದುವರಿಸುತ್ತಿರಲಿಲ್ಲ. ಅವರದ್ದು ಮುಗಿಯುವುದು ಮೂರು ವರ್ಷ ಕಳೆದು ನಾಲ್ಕನೆಯ ಆಗಸ್ಟಿನಲ್ಲಿ. ಆ ಕಾಗದವನ್ನೂ ನಾನೇ ಟೈಪ್ ಮಾಡಿದ್ದು. ಬಾದಾಮಿ ಹೂ ಬಿಡುವುದು ಚಳಿಗಾಲದ ಕೊನೆಗೆ, ಕಾಯಿ ಬಲಿಯುವುದು ಆಗಸ್ಟಿನ ಹೊತ್ತಿಗೆ. ಎಳೆಯ ಮರ ಹೂ ಬಿಟ್ಟರೆ ಕೈಯಿಂದ ಕಿತ್ತುಬಿಡಬೇಕು, ಮೂರು ವರ್ಷ ದಾಟುವ ತನಕ ಒಂದು ಕಾಯಿಯನ್ನೂ ಬಿಡಬಾರದು ಎಂಬುದು ಅವರು ಹಾಕಿಕೊಟ್ಟ ನಿಯಮ. ಹಾಗಾಗಿ ಅವರ ಪಾಲಿಗೆ ಒಂದೇ ಒಂದು ಫಸಲು, ಕೊನೆಯ ವರ್ಷದ್ದು. ಅದು ಉಳಿದರೆ ತಿಂದಾರು, ಇಲ್ಲದಿದ್ದರೆ ಇಲ್ಲ.

ಪ್ರತಿ ಮರಕ್ಕೂ ಒಂದು ನಂಬರು, ಒಂದು ವಯಸ್ಸು. ನಾನು ಅದನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು. ಆ ವಯಸ್ಸು ನೋಡಿ ಹದಿನೈದು ದಿನಕ್ಕೊಮ್ಮೆ ಕೆಲಸದ ಚೀಟಿ ಟೈಪ್ ಮಾಡಬೇಕು: ಇಷ್ಟು ವರ್ಷದ ಮರಕ್ಕೆ ಇಷ್ಟು ಗೊಬ್ಬರ, ಈ ಮರದ ಹೂ ಕೀಳುವುದು, ಆ ಮರದ ಕೊಂಬೆ ಸವರುವುದು. ಓದಲು ಬಾರದ ಕೆಲಸದವರಿಗೆ ಅವರ ಮೇಸ್ತ್ರಿ ಓದಿ ಹೇಳುತ್ತಿದ್ದ. ಡ್ರೈವರ್ ನನ್ನ ರಿಜಿಸ್ಟರ್ ನೋಡಿ ಬಿದ್ದು ಬಿದ್ದು ನಗುತ್ತಿದ್ದ.

"ನೀನು ಮರಕ್ಕೂ ಜಾತಕ ಬರೀತೀಯಲ್ಲ ಮಾರಾಯ. ಇನ್ನು ಹೆಣ್ಣು ನೋಡುವುದೊಂದು ಬಾಕಿ ಉಂಟು."

"ನೀನು ಗಾಡಿಯ ಟಯರಿನ ವಯಸ್ಸು ಸರಿಯಾಗಿ ಬರೆಸು ಸಾಕು" ಎಂದು ನಾನು ರೇಗುತ್ತಿದ್ದೆ.

ನೆಟ್ಟ ಮರುವರ್ಷ ಜನವರಿಯ ಕೊನೆಗೆ ಒಂದು ದಿನ ಮುದುಕರು ಬಂದು, "ಇವತ್ತು ಬಾದಾಮಿ ಮರಗಳಿಗೆ ಒಂದು ವರ್ಷ ಸೇರಿಸು. ಎರಡನೆಯ ವರ್ಷ ಎಂದು ಬರಿ" ಅಂದರು. ನೆಟ್ಟು ಇನ್ನೂ ಹನ್ನೊಂದು ತಿಂಗಳೂ ಆಗಿರಲಿಲ್ಲ. ಹೊಸಬನಾದ್ದರಿಂದ ಹಲ್ಲು ಕಚ್ಚಿ ಬರೆದೆ. ಅದರ ಮುಂದಿನ ವರ್ಷ ಅದೇ ಮಾತನ್ನು ಹತ್ತು ದಿನ ಮೊದಲೇ ಹೇಳಿದರು. ಆಗ ನನಗೆ ತಡೆಯಲಿಲ್ಲ.

"ಸರ್, ಹೋದ ವರ್ಷ ಹುಟ್ಟಿದ ದಿನ ಬೇರೆ ಇತ್ತು. ಮರ ವರ್ಷಕ್ಕೊಂದು ದಿನ ಹುಟ್ಟುತ್ತದಾ?"

ಅವರು ನಕ್ಕರು. "ಮರಕ್ಕೆ ನಿನ್ನ ಗೋಡೆಯ ಕ್ಯಾಲೆಂಡರ್ ಗೊತ್ತಿಲ್ಲ. ಸಂಜೆ ಹೊರಗೆ ಬಂದು ಆಕಾಶ ನೋಡು."

ಸಂಜೆ ನೋಡಿದೆ. ಮರಳಿನ ಆಚೆಯಿಂದ ತುಂಬು ಚಂದ್ರ ಏಳುತ್ತಿತ್ತು. ಹುಣ್ಣಿಮೆಯ ಲೆಕ್ಕ ಎಂದು ಆಗ ಹೊಳೆಯಿತು. ನಮ್ಮ ಈಸ್ಟರ್ ಕೂಡ ಚಂದ್ರನ ಹಿಂದೆ ಹೋಗಿ ವರ್ಷವರ್ಷ ದಿನ ಬದಲಿಸುವ ಹಬ್ಬವಲ್ಲವೇ. ಓಹೋ, ಇವರದ್ದು ನಮ್ಮದೇ ಮತದ ಬೇರೆ ಯಾವುದೋ ಪಂಗಡ, ಅಲ್ಲಿ ಮರಗಳಿಗೂ ಒಂದು ಹಬ್ಬ ಇರಬೇಕು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ನನಗೆ ಬೇಕಾದದ್ದನ್ನು ನಾನೇ ನಂಬಿಕೊಂಡೆ.

ಅವತ್ತು ಅವರು ನನ್ನನ್ನು ತಮ್ಮ ಕ್ಯಾಬಿನ್ನಿಗೆ ಕರೆದರು. ಮೇಜಿನ ಮೇಲೆ ಒಂದು ದೊಡ್ಡ ತಟ್ಟೆ. ಖರ್ಜೂರ, ಒಣ ಅಂಜೂರ, ಒಣದ್ರಾಕ್ಷಿ, ಆಲಿವ್, ಸಿಪ್ಪೆ ಸಹಿತ ಅಕ್ರೋಟು, ಕಿತ್ತಳೆ, ಒಂದು ದಾಳಿಂಬೆ. ಪಕ್ಕದಲ್ಲಿ ಎರಡು ಬಾಟಲಿ ದ್ರಾಕ್ಷಿ ರಸ, ಒಂದು ಬಿಳಿ, ಒಂದು ಕೆಂಪು. ಮೊದಲ ಲೋಟ ಬಿಳಿಯದ್ದು, ಎರಡನೆಯದಕ್ಕೆ ಸ್ವಲ್ಪ ಕೆಂಪು, ಮೂರನೆಯದಕ್ಕೆ ಇನ್ನಷ್ಟು, ಕೊನೆಯದು ಪೂರ್ತಿ ಕೆಂಪು. ಮೊದಲು ಸಿಪ್ಪೆ ಒಡೆದು ತಿನ್ನುವ ಹಣ್ಣು, ಆಮೇಲೆ ಒಳಗೆ ಬೀಜ ಇರುವುದು, ಆಮೇಲೆ ಇಡಿಯಾಗಿ ತಿನ್ನುವುದು. ಪ್ರತಿಯೊಂದಕ್ಕೂ ಮೊದಲು ತುಟಿಯೊಳಗೇ ಏನೋ ಅಂದುಕೊಂಡರು. ನಾನು ಗೌರವದಿಂದ ತಲೆ ಬಗ್ಗಿಸಿ ಕೂತೆ. ಎರಡು ವರ್ಷದಲ್ಲಿ ಮೊದಲ ಸಲ ನನ್ನೆದುರು ಒಬ್ಬ ಮನುಷ್ಯ ಕೂತು, ಇದನ್ನು ತಿನ್ನು, ಅದನ್ನು ತಿನ್ನು ಎಂದು ಬಡಿಸುತ್ತಿದ್ದ. ಕೊಟ್ಟದ್ದನ್ನೆಲ್ಲ ತಿಂದೆ.

ಬಾಯಿ ಬಿಟ್ಟಿತು, ಇನ್ನು ಕೇಳಬೇಕೇ. ಮನೆಯ ಮೊಂತಿ ಹಬ್ಬವನ್ನು ಇಡೀ ಹೇಳಿದೆ. ಸೆಪ್ಟೆಂಬರಿನಲ್ಲಿ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತರುವುದು, ಅದರ ಅಕ್ಕಿ ಪುಡಿ ಮಾಡಿ ತೆಂಗಿನ ಹಾಲಿನಲ್ಲಿ ಕಲಸಿ ಹಿರಿಯರಿಂದ ಶುರುಮಾಡಿ ಎಲ್ಲರೂ ಕುಡಿಯುವುದು, ಅವತ್ತು ಮೀನು ಮಾಂಸ ಇಲ್ಲ, ತರಕಾರಿಯ ಪದಾರ್ಥ ಐದೋ ಏಳೋ ಒಂಬತ್ತೋ ಬೆಸ ಸಂಖ್ಯೆಯಲ್ಲೇ ಆಗಬೇಕು. ಅವರು ಮಗುವಿನ ಹಾಗೆ ಕೇಳಿದರು.

"ಮನೆಯಲ್ಲಿ ಇಲ್ಲದವರಿಗೆ?" ಎಂದು ಕೇಳಿದರು.

"ಅಮ್ಮ ಲಕೋಟೆಯಲ್ಲಿ ಕಳಿಸುತ್ತಾಳೆ ಸರ್. ಎರಡು ಕಾಳು, ಮೂರು ಕಾಳು. ಪತ್ರದ ಮಡಿಕೆಯಲ್ಲಿ ಇರುತ್ತದೆ."

"ನನಗೆ ಯಾರೂ ಕಳಿಸುವುದಿಲ್ಲ" ಅಂದರು. ಅದನ್ನು ಹವೆಯ ಬಗ್ಗೆ ಹೇಳಿದ ಹಾಗೆ ಹೇಳಿದರು.

ಆ ಸಂಜೆಯ ಮೇಲೆ ತಬೂಕು ನನಗೆ ಸ್ವಲ್ಪ ಸಹ್ಯವಾಯಿತು. ದಿನಾ ಕೆಲಸ ಮುಗಿದ ಮೇಲೆ ಬಾದಾಮಿ ಮರಗಳ ಕಡೆ ಒಟ್ಟಿಗೆ ನಡೆಯುವುದು ರೂಢಿಯಾಯಿತು. ಮೂರನೆಯ ವರ್ಷದ ಹೂಗಳನ್ನು ಅವರ ಜೊತೆ ನಾನೂ ಕಿತ್ತೆ. ಎಲೆ ಇಲ್ಲದ ಬೋಳು ಕಡ್ಡಿಗಳ ತುಂಬ ಬಿಳಿ ಹೂ, ನಡುವೆ ಒಂದಿಷ್ಟು ಗುಲಾಬಿ. ಕೀಳಲು ಮನಸ್ಸು ಬರುತ್ತಿರಲಿಲ್ಲ. ಕೆಲಸದವರನ್ನೂ ಕರೆದು, ಕಡ್ಡಿಗೆ ಗಾಯವಾಗದಂತೆ ಹೆಬ್ಬೆರಳು ತೋರುಬೆರಳಿನಲ್ಲಿ ಹೇಗೆ ಚಿವುಟಬೇಕು, ಕೊಂಬೆಯ ಬೆನ್ನಿನಲ್ಲಿ ಅಡಗಿದ್ದನ್ನು ಹೇಗೆ ಹುಡುಕಬೇಕು ಎಂದು ಕಲಿಸಿದರು. "ಇನ್ನೊಂದೇ ವರ್ಷ" ಎಂದು ನನಗೆ ಹೇಳಿದರು.

ಇಷ್ಟು ಚೆನ್ನಾಗಿದ್ದದ್ದನ್ನು ನಾನೇ ಹಾಳು ಮಾಡಿಕೊಂಡೆ. ಆ ಅಕ್ಟೋಬರಿನಲ್ಲಿ ಒಂದು ಶುಕ್ರವಾರ ನರ್ಸಿನ ಮನೆಯ ಪ್ರಾರ್ಥನೆಗೆ ಬನ್ನಿ ಎಂದು ಅವರನ್ನು ಕರೆದೆ. ಎಲ್ಲರಿಗೂ ಹೇಳಿಟ್ಟಿದ್ದೆ, ನಮ್ಮ ತೋಟದ ದೊಡ್ಡ ತಜ್ಞರು ಬರುತ್ತಾರೆ, ತುಂಬ ದೈವಭಕ್ತರು ಎಂದು. ನರ್ಸು ಪಾಪ, ಕೇಕು ಬೇಯಿಸಿದ್ದಳು. ಮುದುಕರು ಬರುವುದಿಲ್ಲ ಅಂದರು. ಯಾಕೆ ಎಂದೆ. ಸುಮ್ಮನೆ ತಲೆಯಾಡಿಸಿದರು. ಹುಷಾರಿಲ್ಲವಾ ಎಂದೆ. ಹುಷಾರಾಗಿದ್ದೇನೆ, ಬರುವುದಿಲ್ಲ ಅಂದರು.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದು. ಅವತ್ತು ನೆತ್ತಿಗೇರಿತು. ನಮ್ಮಂಥ ಕರಿಯರ ನಡುವೆ ಮೊಣಕಾಲೂರಲು ಬಿಳಿಯನಿಗೆ ಆಗುವುದಿಲ್ಲ, ಅಷ್ಟೇ ವಿಷಯ ಎಂದು ತೀರ್ಮಾನಿಸಿದೆ. ಅವರ ತಟ್ಟೆಯಿಂದ ನಾನು ತಿನ್ನಬಹುದು, ನನ್ನವರ ಮನೆಗೆ ಅವರು ಬರುವುದಿಲ್ಲ. ಅಲ್ಲಿಂದ ಮುಖ ಊದಿಸಿಕೊಂಡೆ. ಗುಡ್ ಮಾರ್ನಿಂಗಿಗೆ ಗುಡ್ ಮಾರ್ನಿಂಗ್, ಫೈಲಿಗೆ ಫೈಲು, ಅಷ್ಟೆ. ಸಂಜೆಯ ನಡಿಗೆ ನಿಂತಿತು. ಅವರು ಎರಡು ಸಲ ಬಾಗಿಲಲ್ಲಿ ನಿಂತು, "ಬರುತ್ತೀಯಾ?" ಎಂದು ಕೇಳಿದರು. "ಟೈಪಿಂಗ್ ಇದೆ" ಅಂದೆ. ಖಾಲಿ ಕಾಗದ ಹಾಕಿ ಟೈಪ್ ಮಾಡಿದೆ, ಶಬ್ದ ಕೇಳಲಿ ಎಂದು. ಕಿಟಕಿಯಲ್ಲಿ ಅವರೊಬ್ಬರೇ ಟ್ಯಾಂಕಿನ ಕಡೆ ಹೋಗುವುದು ಕಾಣುತ್ತಿತ್ತು. ನಾನೂ ಒಬ್ಬನೇ ಕೂತಿರುತ್ತಿದ್ದೆ. ಒಂದು ಮಾತಿನಲ್ಲಿ ಸರಿಯಾಗುವುದನ್ನು ಮೂರು ತಿಂಗಳು ಎಳೆದೆ.

ಜನವರಿಯಲ್ಲಿ ಕಂಪನಿಯವರು ಅವರನ್ನು ಅಲ್ ಅಹ್ಸಾಕ್ಕೆ ಕಳಿಸಿದರು, ಅಲ್ಲಿಯ ಖರ್ಜೂರದ ಮರಗಳಿಗೆ ಏನೋ ರೋಗ, ನೋಡಿ ಬನ್ನಿ ಎಂದು. ಐದು ವಾರದ ಕೆಲಸ. ಅವರು ಹೋದ ಎರಡನೆಯ ವಾರ ರಿಯಾದಿನ ಆಫೀಸಿನಿಂದ ಒಂದು ಪತ್ರ: ತೋಟದ ಎಲ್ಲ ಮರಗಳ ಪಟ್ಟಿ, ನೆಟ್ಟ ತಾರೀಕು, ವಯಸ್ಸು ಸಹಿತ ಕಳಿಸಿ. ನನಗೆ ಅಷ್ಟೇ ಬೇಕಾಗಿತ್ತು. ರಿಜಿಸ್ಟರ್ ತೆಗೆದೆ. ಬಾದಾಮಿಯ ಪುಟದಲ್ಲಿ ಅವರ ಲೆಕ್ಕ ಇತ್ತು, ಮೂರನೆಯ ವರ್ಷ ಎಂದು. ಒಂದು ಗೆರೆ ಎಳೆದೆ. ನೆಟ್ಟ ತಾರೀಕಿನಿಂದ ಎಣಿಸಿ, ಎರಡು ವರ್ಷ ತುಂಬಿದೆ ಎಂದು ಹನ್ನೆರಡು ಮರಗಳಿಗೂ ದುಂಡಗೆ ಬರೆದೆ. ಬರೆದು ಮುಗಿಸಿದಾಗ ಆದ ತೃಪ್ತಿ ಈಗಲೂ ನೆನಪಿದೆ. ಮರದ ವಯಸ್ಸು ಸರಿಯಾದದ್ದಕ್ಕಲ್ಲ. ಅವರ ಮಾತು ಅಳಿಸಿದ್ದಕ್ಕೆ.

ಫೆಬ್ರವರಿಯ ಮೊದಲ ವಾರ ಅವರ ಫೋನು ಬಂತು. ಅಲ್ ಅಹ್ಸಾದ ಲೈನು ಕರಕರ ಅನ್ನುತ್ತಿತ್ತು.

"ಇವತ್ತು ಒಂದು ವರ್ಷ ಸೇರಿಸು. ನಾಲ್ಕನೆಯದು" ಅಂದರು. ದನಿಯಲ್ಲಿ ಸಂತೋಷ.

"ಆಯ್ತು ಸರ್."

"ಮೊಗ್ಗು ಬಂದಿದೆಯಾ?"

"ಆ ಕಡೆ ಹೋಗಿಲ್ಲ ಸರ್."

"ಇಲ್ಲಿ ಖರ್ಜೂರ ಚೆನ್ನಾಗಿದೆ, ನಿನಗೆ ತರುತ್ತೇನೆ" ಎಂದು ಫೋನಿಟ್ಟರು. ನಾನು ರಿಜಿಸ್ಟರ್ ಮುಟ್ಟಲಿಲ್ಲ.

ಆ ವಾರವೇ ಕೆಲಸದ ಚೀಟಿಯ ಸರದಿ. ವಯಸ್ಸು ನೋಡು, ಕೆಲಸ ಬರಿ. ಬಾದಾಮಿ, ಒಂದರಿಂದ ಹನ್ನೆರಡು, ವಯಸ್ಸು ಎರಡು, ಹೂ ಕೀಳುವುದು. ಟೈಪ್ ಮಾಡಿದ್ದು ಈ ಕೈಗಳೇ. ಆಗ ನನಗೆ ಗೊತ್ತಾಗಲಿಲ್ಲವೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಾಗಲಿಲ್ಲ ಎಂದೇ ಇಷ್ಟು ವರ್ಷ ಉತ್ತರ ಹೇಳಿಕೊಂಡು ಬಂದಿದ್ದೇನೆ.

ಡ್ರೈವರ್ ಡೀಸೆಲ್ ಚೀಟಿಗೆ ಸಹಿ ಹಾಕಿಸಲು ಬಂದವನು, "ಎಂತ ಮಾರಾಯ, ಟ್ಯಾಂಕಿನ ಹತ್ತಿರ ಹೂವೆಲ್ಲ ತೆಗೆದು ಗೋಣಿಗೆ ತುಂಬಿಸ್ತಾ ಇದ್ದಾರೆ. ಮುದುಕರಿಗೆ ಗೊತ್ತುಂಟಾ?" ಎಂದು ಕೇಳಿದ.

"ಅವರದ್ದೇ ನಿಯಮ" ಅಂದೆ.

"ಈ ಸಲ ಬಾದಾಮಿ ತಿನ್ನುವುದು ಅಂತ ನನ್ನ ಹತ್ತಿರ ಕೂಡ ಹೇಳಿದ್ದರಲ್ಲ?"

ಅವರ ಪಾಲಿನ ಒಂದೇ ಫಸಲು ಇದು ಎಂದು ಆಗ ನೆನಪಾಯಿತು. ಎದ್ದು ಹೊರಗೆ ಓಡಬಹುದಿತ್ತು. ಟ್ಯಾಂಕಿಗೆ ಐದು ನಿಮಿಷದ ದಾರಿ. ಎರಡೋ ಮೂರೋ ಮರ ಉಳಿಸಬಹುದಿತ್ತು. ಆದರೆ ಓಡಿದರೆ ನನ್ನ ಲೆಕ್ಕ ತಪ್ಪೆಂದು ಒಪ್ಪಿದ ಹಾಗೆ. "ರಿಜಿಸ್ಟರಿನಲ್ಲಿ ಎರಡು ವರ್ಷ ಉಂಟು, ಅಷ್ಟೇ" ಎಂದು ಅವನ ಚೀಟಿಗೆ ಮೊಹರು ಒತ್ತಿದೆ. ಅವನು ನನ್ನ ಮುಖ ನೋಡಿ, ಚೀಟಿ ತೆಗೆದುಕೊಂಡು ಹೋದ. ಮಧ್ಯಾಹ್ನ ಮೇಸ್ತ್ರಿ ಬಂದು, ಕೆಲಸ ಮುಗಿಯಿತು ಎಂದು ಸಹಿ ಹಾಕಿಹೋದ.

ಮುದುಕರು ಬಂದದ್ದು ಹತ್ತು ದಿನ ಕಳೆದು. ಬ್ಯಾಗು ಕ್ಯಾಬಿನ್ನಿನಲ್ಲಿ ಇಡದೆ ಕೈಯಲ್ಲಿ ಹಿಡಿದುಕೊಂಡೇ ನೇರ ಟ್ಯಾಂಕಿನ ಕಡೆ ನಡೆದರು. ನಾನು ಕಿಟಕಿಯಿಂದ ನೋಡಿದೆ. ತುಂಬ ಹೊತ್ತು ಬರಲಿಲ್ಲ. ಬಂದಾಗ ಮ್ಯಾನೇಜರ್ ನನ್ನ ಮೇಜಿನ ಬಳಿಯೇ ನಿಂತಿದ್ದರು. ಮುದುಕರು ರಿಜಿಸ್ಟರ್ ಕೇಳಿದರು. ಬಾದಾಮಿಯ ಪುಟ ತೆರೆದು ಕೊಟ್ಟೆ. ಗಲ್ಲ ಎತ್ತಿಕೊಂಡೇ ನಿಂತಿದ್ದೆ.

ಮ್ಯಾನೇಜರ್ ಇಣುಕಿ ನೋಡಿದರು. ಗೆರೆ ಎಳೆದದ್ದು, ಮೇಲೆ ಬರೆದದ್ದು. "ಇದೇನು, ಎರಡು ಲೆಕ್ಕ? ಯಾರದ್ದು ಸರಿ?" ಎಂದು ಕೇಳಿದರು. ಹಳೆಯ ಪುಟಗಳನ್ನು ಮಗುಚಿದರು. "ನೀವು ವರ್ಷವರ್ಷ ಬೇರೆ ಬೇರೆ ದಿನ ವಯಸ್ಸು ಏರಿಸಿದ್ದೀರಿ. ಯಾವ ಲೆಕ್ಕ ಇದು?"

ಅವರ ದನಿಯಲ್ಲಿ ಕುತೂಹಲ ಮಾತ್ರ ಇತ್ತು, ಬೇರೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮುದುಕರು ಪುಟವನ್ನೇ ನೋಡುತ್ತಿದ್ದರು. ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ, "ನನ್ನ ತಪ್ಪು. ಗುಮಾಸ್ತ ಬರೆದದ್ದು ಸರಿ" ಎಂದು ನನ್ನ ಪೆನ್ನು ತೆಗೆದುಕೊಂಡು, ನನ್ನ ಅಂಕೆಯ ಕೆಳಗೆ ಸಹಿ ಹಾಕಿದರು. ಬ್ಯಾಗಿನಿಂದ ಖರ್ಜೂರದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಗೆದ್ದೆ ಅನ್ನಿಸಿತು. ಒಂದು ಲೋಟ ಚಹಾ ಕುಡಿದು ಮುಗಿಯುವಷ್ಟು ಹೊತ್ತು ಹಾಗೆ ಅನ್ನಿಸಿತು. ಆಮೇಲೆ ಕೂರಲಾಗಲಿಲ್ಲ. ಸೂರ್ಯ ಮುಳುಗುವ ಮೊದಲೇ ಅವರ ಬಾಗಿಲು ಬಡಿದೆ. ಕ್ಷಮೆ ಕೇಳಲು ಹೋದೆ ಎಂದು ಬರೆದರೆ ಸುಳ್ಳಾದೀತು. ಜಗಳಕ್ಕೇ ಹೋದದ್ದು.

"ನಿಮ್ಮದು ಸರಿ ಅನ್ನಿಸಿದರೆ ನನ್ನದಕ್ಕೆ ಯಾಕೆ ಸಹಿ ಹಾಕಿದಿರಿ?" ಎಂದು ಕೇಳಿದೆ.

"ಹಾಕದಿದ್ದರೆ, ಯಾವ ಕ್ಯಾಲೆಂಡರ್ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು."

"ಕೊಟ್ಟರೆ ಏನಾಗುತ್ತದೆ?"

ಅವರು ನನ್ನನ್ನು ನೋಡಿದರು. ಎದ್ದು ಬಾಗಿಲಿನ ಚಿಲಕ ಹಾಕಿ ಬಂದು ಕೂತರು. "ನಾನು ಯಹೂದಿ" ಅಂದರು.

ನಾನು ಮಾಡಿದ ಮೊದಲ ಕೆಲಸ ಕಿಟಕಿಯ ಹೊರಗೆ ಯಾರಾದರೂ ಇದ್ದಾರಾ ಎಂದು ನೋಡಿದ್ದು. ಶುಕ್ರವಾರಗಳ ಅಭ್ಯಾಸ. ಅವರು ಮೆಲ್ಲಗೆ ಹೇಳಿದರು. ಅವರ ಜನರಲ್ಲಿ ಮರಗಳಿಗೆ ಒಂದು ಹೊಸ ವರ್ಷದ ದಿನ ಇದೆ, ಚಳಿಗಾಲದ ಕೊನೆಯ ಒಂದು ಹುಣ್ಣಿಮೆ. ಮರವನ್ನು ಯಾವತ್ತು ನೆಟ್ಟಿದ್ದರೂ ಅದರ ಹಣ್ಣಿನ ವರ್ಷ ಏರುವುದು ಆ ದಿನವೇ. ಮೊದಲ ಮೂರು ವರ್ಷದ ಹಣ್ಣು ಮುಟ್ಟುವ ಹಾಗಿಲ್ಲ. ನಾಲ್ಕನೆಯ ವರ್ಷದ್ದನ್ನು ದೇವರಿಗೆ ಸ್ತೋತ್ರ ಹೇಳಿ ತಿನ್ನುವುದು. "ನಾನು ಅಂಥ ಭಕ್ತನಲ್ಲ" ಅಂದರು. "ನನ್ನ ಅಪ್ಪ ಎಲ್ಲ ಬಿಟ್ಟ. ಮನೆತನದ ಹೆಸರನ್ನೂ ಬದಲಿಸಿದ. ಅಜ್ಜಿ ಮಾತ್ರ ವರ್ಷಕ್ಕೊಂದು ದಿನ, ಹಿಮ ಬೀಳುವ ಊರಿನಲ್ಲಿ, ಒಣ ಹಣ್ಣಿನ ತಟ್ಟೆ ಇಟ್ಟು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ನನಗೆ ಉಳಿದದ್ದು ಅದೊಂದೇ."

"ಪ್ರಾರ್ಥನೆಗೆ ಕರೆದಾಗ ಹೇಳಬಹುದಿತ್ತಲ್ಲ ಸರ್."

"ನೀನು ಅಷ್ಟು ಖುಷಿಯಲ್ಲಿದ್ದೆ. ಬಂದು ನಿಮ್ಮ ಜೊತೆ ಮೊಣಕಾಲೂರಿದ್ದರೆ ನಿಮಗೆಲ್ಲ ಮೋಸ ಮಾಡಿದ ಹಾಗೆ. ಹೇಳಿದ್ದರೆ ನೀನು ಹೆದರಿ ದೂರ ಹೋಗುತ್ತಿದ್ದೆ." ಮತ್ತೆ, "ನೀನು ಹೇಗೂ ಹೋದೆ" ಅಂದರು.

ನನಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಹಾಗೆ. ಕರ್ಟನ್ ಎಳೆದುಕೊಂಡು ದೇವರ ಹೆಸರು ಹೇಳುವವನು ನಾನು. ಇವರಿಗೆ ಎಳೆಯಲು ಕರ್ಟನ್ ಇತ್ತೇ ಹೊರತು ಒಳಗೆ ಜೊತೆಗೆ ಕೂರಲು ಒಬ್ಬರೂ ಇರಲಿಲ್ಲ. ಒಬ್ಬನಿದ್ದ, ಹೋದ ವರ್ಷ.

ಮರುದಿನ ಬೆಳಿಗ್ಗೆ ಏಣಿ ಹೊತ್ತುಕೊಂಡು ಇಬ್ಬರೂ ಟ್ಯಾಂಕಿನ ಬಳಿ ಹೋದೆವು. ಎಲ್ಲಾದರೂ ಒಂದು ಹೂ, ತಡವಾಗಿ ಬಿಟ್ಟ ಒಂದು ಮೊಗ್ಗು ಉಳಿದಿದ್ದರೆ ಒಂದು ಕಾಯಾದರೂ ಆದೀತು. ಹನ್ನೆರಡು ಮರ, ಕೊಂಬೆ ಕೊಂಬೆ ಹುಡುಕಿದೆವು. ನಾನು ಮೇಲೆ, ಅವರು ಕೆಳಗೆ. ಹಸಿರು ಚಿಗುರು ಒಡೆಯುತ್ತಿತ್ತು, ಹೂವಿಲ್ಲ. ಕೊಂಬೆಯ ಬೆನ್ನಿನಲ್ಲೂ ಇಲ್ಲ, ಬುಡದ ಹತ್ತಿರವೂ ಇಲ್ಲ. ಕಡ್ಡಿಗಳಿಗೆ ಒಂದು ಗಾಯವೂ ಆಗಿರಲಿಲ್ಲ. ಹನ್ನೆರಡನೆಯ ಮರದಿಂದ ನಾನು ಇಳಿದಾಗ ಅವರು ಒಂದು ಕಡ್ಡಿಯನ್ನು ಬೆರಳಿನಲ್ಲಿ ಸವರುತ್ತಿದ್ದರು.

"ಚೆನ್ನಾಗಿ ಕಲಿತಿದ್ದಾರೆ" ಅಂದರು. ಆಮೇಲೆ ಏಣಿಯ ಒಂದು ತುದಿ ಹಿಡಿದುಕೊಂಡರು.

ಉಳಿದ ಆರು ತಿಂಗಳು ನಾವು ಮತ್ತೆ ಒಟ್ಟಿಗೆ ನಡೆದೆವು. ಅವರು ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ, ಡ್ರೈವರನಿಗೂ ಹೇಳಲಿಲ್ಲ. ಆಗಸ್ಟಿನಲ್ಲಿ ಹೊರಡುವ ದಿನ ಅವರು ಒಂದು ಚೀಟಿ ಕೊಟ್ಟರು. ತಂಗಿಯ ವಿಳಾಸ, ಇನ್ನು ಮೇಲೆ ಅಲ್ಲೇ ಇರುತ್ತೇನೆ, ಬರಿ ಅಂದರು. ತಂಗಿ ಹಳೆಯ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದರು. ಅದನ್ನು ಓದಿದ ಯಾರಿಗಾದರೂ ತಿಳಿಯುತ್ತದೆ ಎಂದು ನನಗೆ ಅನ್ನಿಸಿತು. ನನ್ನ ಕೈಬರಹದಲ್ಲಿ ಆ ಹೆಸರಿರುವ ಲಕೋಟೆ ತಬೂಕಿನ ಪೋಸ್ಟಾಫೀಸಿನ ಕಟ್ಟೆಯ ಮೇಲೆ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ನನ್ನ ಕೆಲಸ ಹೋದೀತು, ಊರಿನಲ್ಲಿ ಅಮ್ಮ, ಮದುವೆಯಾಗಬೇಕಾದ ತಂಗಿ. ಅದು ಬರೀ ಹೆದರಿಕೆ, ಯಾರೂ ನೋಡುತ್ತಿರಲಿಲ್ಲವೋ ಏನೋ. "ಬೇಡ ಸರ್, ಇಲ್ಲಿಂದ ಕಷ್ಟ" ಎಂದು ಚೀಟಿಯನ್ನು ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಹೌದು, ಅದು ನಿಜ" ಅಂದರು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ಮರುವರ್ಷ ನನ್ನ ಲೆಕ್ಕದಲ್ಲೂ ಮೂರು ವರ್ಷ ತುಂಬಿತ್ತು. ಹೂವನ್ನು ಯಾರೂ ಮುಟ್ಟಲಿಲ್ಲ. ಆಗಸ್ಟಿನಲ್ಲಿ ಮ್ಯಾನೇಜರ್ ಆಫೀಸಿನವರಿಗೆಲ್ಲ ಹಂಚಿದರು, ನನ್ನ ಪಾಲಿಗೆ ಒಂದು ದೊಡ್ಡ ಪೊಟ್ಟಣ. ಬಾಗಿಲ ಸಂದಿನಲ್ಲಿ ಒಂದನ್ನು ಒಡೆದು, ಮಂಚದ ಮೇಲೆ ಕೂತು ತಿಂದೆ. ಅರ್ಧ ಪೊಟ್ಟಣವನ್ನು ಬೇರೆ ತೆಗೆದು ಒಂದು ಡಬ್ಬಿಗೆ ಹಾಕಿ, ದಾರ ಕಟ್ಟಿ, ಮೇಲೆ ಕಾಗದ ಅಂಟಿಸಿ ಪೆನ್ನು ಹಿಡಿದೆ. ಅವತ್ತಿನ ಚೀಟಿಯಲ್ಲಿ ಹೆಸರಿನಿಂದಾಚೆ ನಾನು ಓದಿರಲಿಲ್ಲ, ಬೀದಿ ಗೊತ್ತಿಲ್ಲ, ಊರು ಗೊತ್ತಿಲ್ಲ. ಆ ಡಬ್ಬಿಯನ್ನು ನಾಲ್ಕು ದಿನ ಹಾಗೇ ಇಟ್ಟುಕೊಂಡೆ. ಐದನೆಯ ದಿನ ದಾರ ಬಿಚ್ಚಿ ಅದನ್ನೂ ನಾನೇ ತಿಂದೆ. ತುಂಬ ಚೆನ್ನಾಗಿತ್ತು.